ನಾನು ತೆಗೆದುಕೊಳ್ಳದ ಸಾಲ ನನ್ನ ಪ್ಯಾನ್ ಮೇಲೆ ಬಂದಿದೆ, ಏನು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆ. ಬ್ಯಾಂಕಿನವರು ಫೋನ್ ಮಾಡಿ, "ನಿಮ್ಮ ಸಿಬಿಲ್ ವರದಿಯಲ್ಲಿ ಒಂದು ಪರ್ಸನಲ್ ಲೋನ್ ಓವರ್‌ಡ್ಯೂ ತೋರಿಸ್ತಿದೆ ಮೇಡಂ, ಅದು ಕ್ಲಿಯರ್ ಆಗದೆ ಫೈಲ್ ಮುಂದೆ ಹೋಗಲ್ಲ" ಅಂದರು. ನಾನು ಇವತ್ತಿನವರೆಗೂ ಪರ್ಸನಲ್ ಲೋನ್ ತೆಗೆದುಕೊಂಡವಳೇ ಅಲ್ಲ. ಸಿಬಿಲ್ ಅಂದರೆ ನಮ್ಮ ಸಾಲಗಳ ದಾಖಲೆ ಇಟ್ಟುಕೊಳ್ಳುವ ಕಂಪನಿಯಂತೆ. ಅದರ ವರದಿ ತೆಗೆಸಿ ನೋಡಿದರೆ ₹48,000 ಸಾಲ ಇದೆ. ಕೊಟ್ಟಿರುವುದು ಒಂದು ಸಾಲದ ಆ್ಯಪ್‌ನ ಹಿಂದಿರುವ ಫೈನಾನ್ಸ್ ಕಂಪನಿ. ಹೆಸರು, ಪ್ಯಾನ್, ಹುಟ್ಟಿದ ತಾರೀಖು ನನ್ನದೇ. ಮೊಬೈಲ್ ನಂಬರು, ವಿಳಾಸ ಎರಡೂ ಬೇರೆ ಯಾರದ್ದೋ.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಕೆವೈಸಿ (ಗುರುತಿನ ಪರಿಶೀಲನೆ) ಆಗಿದೆ, ಒಟಿಪಿ ಕೊಟ್ಟಿದ್ದೀರಿ, ಸಾಲ ನಿಮ್ಮದೇ" ಅಂತ ಒಂದೇ ಮಾತು. ದಾಖಲೆಯ ಝೆರಾಕ್ಸ್ ಯಾರ್ಯಾರಿಗೆ ಕೊಟ್ಟಿದ್ದೇನೆ ಅಂತ ಲೆಕ್ಕ ಹಾಕಲೂ ಆಗುತ್ತಿಲ್ಲ: ಬಾಡಿಗೆ ಮನೆ, ಸಿಮ್ಮು, ಕೆಲಸ, ಗ್ಯಾಸ್. ತಿಳಿದವರು ದಯವಿಟ್ಟು ದಾರಿ ಹೇಳಿ. ಯಾವುದನ್ನು ಮೊದಲು ಮಾಡಬೇಕು ಅನ್ನುವುದೇ ತೋಚುತ್ತಿಲ್ಲ.

ಬಯಲುಸೀಮೆ_ಹುಡುಗ

ಅಕ್ಕಾ, ಸಣ್ಣ ಮೊತ್ತ. ಮನೆ ಸಾಲ ನಿಂತು ಹೋಗುವುದಕ್ಕಿಂತ ಸೆಟ್ಲ್‌ಮೆಂಟ್ ಮಾಡಿ, ಬಾಕಿ ಇಲ್ಲ ಅನ್ನುವ ಪತ್ರ (ಎನ್‌ಒಸಿ) ತಗೊಂಡು ಮುಗಿಸಿಬಿಡಿ. ಪೊಲೀಸು, ಕೋರ್ಟು ಅಂತ ಹೋದರೆ ವರ್ಷಗಟ್ಟಲೆ ಆಗುತ್ತೆ.

ನಿವೃತ್ತ_ಬ್ಯಾಂಕಿಗ

ಮೇಲಿನ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೂ ಕೈಮುಗಿದು ಕೇಳಿಕೊಳ್ಳುತ್ತೇನೆ ತಾಯಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದ ಕ್ಷಣ ಆ ಸಾಲವನ್ನು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಆಮೇಲೆ "ನಂದಲ್ಲ" ಅನ್ನುವ ಮಾತಿಗೆ ಬಲ ಇರುವುದಿಲ್ಲ. ಅದೂ ಅಲ್ಲದೆ ಸೆಟ್ಲ್‌ಮೆಂಟ್ ಅಂದರೆ ವರದಿಯಲ್ಲಿ "ಸೆಟ್ಲ್ಡ್" ಅಂತ ಉಳಿಯುತ್ತದೆ. ಪೂರ್ತಿ ತೀರಿಸಲಾಗದೆ ಕಡಿಮೆಗೆ ಮುಗಿಸಿಕೊಂಡವರು ಅನ್ನುವ ಅರ್ಥದಲ್ಲಿ ಅದನ್ನು ಮುಂದಿನ ಬ್ಯಾಂಕು ಓದುತ್ತದೆ. ನಿಮ್ಮ ಪ್ಯಾನ್ ಇಟ್ಟುಕೊಂಡವನು ಮತ್ತೊಂದು ಸಾಲ ಎತ್ತಿದರೆ ಅದನ್ನೂ ಕಟ್ಟುತ್ತೀರಾ?

ಫೋನ್‌ನಲ್ಲಿ ಮಾತಾಡುವುದನ್ನು ಇವತ್ತಿಗೇ ನಿಲ್ಲಿಸಿ. ಎಲ್ಲವೂ ಬರವಣಿಗೆಯಲ್ಲಿ ಆಗಬೇಕು. ಕಂಪನಿಯ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ, ಅವರಿಗೆ ಬರೆಯಿರಿ. ಸಾಲದ ಒಪ್ಪಂದದ ಪ್ರತಿ, ಕೆವೈಸಿಗೆ ಬಳಸಿದ ದಾಖಲೆ ಮತ್ತು ಫೋಟೋ, ಒಟಿಪಿ ಹೋದ ಮೊಬೈಲ್ ನಂಬರ್ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಸಾಲದ ಹಣ ಜಮಾ ಆದ ಬ್ಯಾಂಕ್ ಖಾತೆಯ ವಿವರ ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ಡಿಜಿಟಲ್ ಸಾಲದ ನಿಯಮದ ಪ್ರಕಾರ ಹಣ ಸಾಲಗಾರರ ಸ್ವಂತ ಖಾತೆಗೇ ನೇರವಾಗಿ ಹೋಗಬೇಕು. ನಿಮ್ಮ ಹೆಸರಿನಲ್ಲಿಲ್ಲದ ಖಾತೆಗೆ ಹೋಗಿದ್ದರೆ ಉತ್ತರ ಕೊಡಬೇಕಾದವರು ಅವರು. ಇಡೀ ಜಗಳ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಕಸ್ಟಮರ್ ಕೇರ್‌ನವರು ಒಟಿಪಿ ಒಟಿಪಿ ಅಂತಲೇ ಹೇಳುತ್ತಾರೆ. ನೀವು ಖಾತೆ ಖಾತೆ ಅಂತಲೇ ಕೇಳಿ.

ಅದೇ ದಿನ ಸಿಬಿಲ್ ಜಾಲತಾಣದಲ್ಲಿ ಆ ಸಾಲದ ಮೇಲೆ ಡಿಸ್ಪ್ಯೂಟ್, ಅಂದರೆ ತಕರಾರು ಅರ್ಜಿ, ಹಾಕಿ. ಮಾಲೀಕತ್ವ ನನ್ನದಲ್ಲ ಅಂತ ಆರಿಸುವ ಅವಕಾಶ ಇದೆ. ಸಿಬಿಲ್ ತಾನಾಗಿ ಏನನ್ನೂ ಅಳಿಸುವುದಿಲ್ಲ, ಸಾಲ ಕೊಟ್ಟವರನ್ನು ಕೇಳಿ ತಿದ್ದುತ್ತದೆ. ಒಟ್ಟು 30 ದಿನದಲ್ಲಿ ಇತ್ಯರ್ಥ ಆಗಬೇಕು, ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ. ಮೀರಿದರೆ ದಿನಕ್ಕೆ ₹100ರಂತೆ ನಿಮಗೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದು ಗೊತ್ತಿದ್ದು ಬರೆದ ಪತ್ರಕ್ಕೂ ಗೊತ್ತಿಲ್ಲದೆ ಬರೆದ ಪತ್ರಕ್ಕೂ ಬರುವ ಉತ್ತರದ ಧಾಟಿಯೇ ಬೇರೆ. ನೌಕರಿಯುದ್ದಕ್ಕೂ ನಾನು ಮೇಜಿನ ಆ ಕಡೆ ಕೂತು ನೋಡಿದ್ದೇನೆ.

ತುಂಗಾತೀರ

ತುಂಬಾ ಧನ್ಯವಾದ ಸರ್. ಇವತ್ತೇ ಮೇಲ್ ಕಳಿಸುತ್ತೇನೆ. ಪೊಲೀಸ್ ದೂರು ಬೇಕೇ ಬೇಕಾ? ನಾನಿರುವುದು ಶಿವಮೊಗ್ಗ, ವರದಿಯಲ್ಲಿರುವ ವಿಳಾಸ ಬೇರೆ ರಾಜ್ಯದ್ದು. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂದುಬಿಟ್ಟರೆ?

ಕರಿಕೋಟು

ವಕೀಲ ವೃತ್ತಿಯಲ್ಲಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ದೂರು ಬೇಕೇ ಬೇಕು. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇನ್ನೊಬ್ಬರ ವೇಷದಲ್ಲಿ ವಂಚಿಸಿದ್ದಕ್ಕೆ 66ಡಿ ಸೇರುತ್ತದೆ.

ವ್ಯಾಪ್ತಿಯ ಮಾತು ಬಂದರೆ ಹೆದರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು ಅಂತ ಸ್ಪಷ್ಟವಾಗಿಯೇ ಇದೆ. ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ಹೋಗಿ. ಮೊದಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ ಅದರ ಸಂಖ್ಯೆ ತಗೊಂಡು ಹೋದರೆ ಕೆಲಸ ಸಲೀಸು. ಖಾತೆಯಿಂದ ಹಣ ಈಗಷ್ಟೇ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು, ಹಣ ಮುಂದಕ್ಕೆ ದಾಟುವ ಮೊದಲೇ ತಡೆಯಲು ಇರುವ ವ್ಯವಸ್ಥೆ ಅದು. ನಿಮ್ಮದು ಹಳೇ ಸಾಲ, ಹಾಗಾಗಿ ಪೋರ್ಟಲ್ ಸಾಕು.

ದೂರಿನಲ್ಲಿ ಊಹೆ ಬರೆಯಬೇಡಿ. "ಬಾಡಿಗೆ ಮನೆ ಮಾಲೀಕರ ಮೇಲೆ ಅನುಮಾನ" ಅಂತೆಲ್ಲ ಬರೆದರೆ ತನಿಖೆ ಅಡ್ಡದಾರಿ ಹಿಡಿಯುತ್ತದೆ, ತಪ್ಪು ಮಾಡದ ಯಾರಿಗೋ ತೊಂದರೆ. ವರದಿಯಲ್ಲಿ ಕಂಡದ್ದು, ಕಂಡ ದಿನ, ಕಂಪನಿ ಕೊಟ್ಟ ಉತ್ತರ, ಇಷ್ಟೇ ಸಾಕು.

ಬಯಲುಸೀಮೆ_ಹುಡುಗ

ಕಟ್ಟಬಾರದು ಅನ್ನುವುದು ಈಗ ಅರ್ಥ ಆಯ್ತು ಸರ್. ಆದರೆ ವಸೂಲಿಯವರು ಮನೆಗೆ ಬಂದರೆ, ಆಫೀಸಿಗೆ ಫೋನ್ ಮಾಡಿದರೆ ಹೆಣ್ಣುಮಕ್ಕಳು ಹೇಗೆ ತಡೆದುಕೊಳ್ಳಬೇಕು? ಅದಕ್ಕೇ ಹೇಳಿದ್ದೆ.

ನಿವೃತ್ತ_ಬ್ಯಾಂಕಿಗ

ನಿಮ್ಮ ಭಯ ಸುಳ್ಳಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಮನೆಯವರನ್ನೂ ಸ್ನೇಹಿತರನ್ನೂ ಕಾಡುವಂತಿಲ್ಲ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಇದನ್ನು ಮತ್ತೆ ಒತ್ತಿ ಹೇಳಿದೆ. ಬಂದ ಪ್ರತಿ ಕರೆಗೂ ಒಂದೇ ಉತ್ತರ: "ಈ ಸಾಲ ನನ್ನದಲ್ಲ, ದೂರು ಸಂಖ್ಯೆ ಇದು, ಇನ್ನು ಏನಿದ್ದರೂ ಇಮೇಲ್ ಮಾಡಿ." ಕರೆಯ ಸಮಯ, ನಂಬರ್ ಬರೆದಿಡಿ. 30 ದಿನದಲ್ಲಿ ಕಂಪನಿ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆ ಆಗದಿದ್ದರೆ, ಗ್ರಾಹಕರ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ಕಂಪನಿಗಳೂ ಆ ವ್ಯವಸ್ಥೆಯೊಳಗೆ ಬಂದಿವೆ.

ಝೆರಾಕ್ಸ್_ಬೇಡ

ಇದಕ್ಕೆಲ್ಲ ಮೂಲ ಒಂದೇ, ನಾವು ಕಂಡಕಂಡಲ್ಲಿ ಆಧಾರ್ ಪ್ರತಿ ಕೊಡುತ್ತೇವೆ. ಲಾಡ್ಜ್‌ನಲ್ಲಿ ಕೇಳಿದರೆ ಕೊಡು, ಝೆರಾಕ್ಸ್ ಅಂಗಡಿಯವನ ವಾಟ್ಸ್ಆ್ಯಪ್‌ಗೆ ಪಿಡಿಎಫ್ ಕಳಿಸು, ಪ್ರಿಂಟ್ ತಗೊಂಡು ಬಾ. ಆ ಫೈಲು ಅವನ ಕಂಪ್ಯೂಟರ್‌ನಲ್ಲಿ ಎಷ್ಟು ಕಾಲ ಇರುತ್ತದೆ ಅಂತ ಯಾರಾದರೂ ಕೇಳಿದ್ದೀರಾ? 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ "ಆಧಾರ್ ಝೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ" ಅಂತ ಪ್ರಕಟಣೆ ಹೊರಡಿಸಿತ್ತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತಗೊಂಡಿತು, ತಪ್ಪು ಅರ್ಥಕ್ಕೆ ದಾರಿ ಆಗುತ್ತದೆ ಅಂತ. ನನ್ನ ಪ್ರಕಾರ ಮೊದಲ ಪ್ರಕಟಣೆಯೇ ಸರಿ ಇತ್ತು.

ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲೇ ಸಿಗುತ್ತದೆ. ನಂಬರೇ ಸಿಗದಿದ್ದರೆ ಕಳ್ಳ ಏನು ಮಾಡಿಯಾನು?

ಮಲಪ್ರಭಾ

ನೋಡ್ರಿ, ನೀವು ಹೇಳೋದು ಖರೆ, ಆದ್ರ ಅರ್ಧ ಖರೆ. ಹದಿನೈದು ವರ್ಷದಿಂದ ಕೊಟ್ಟ ಝೆರಾಕ್ಸ್ ವಾಪಸ್ ಬರೂದಿಲ್ಲ. ನಮ್ಮೆಲ್ಲರ ನಂಬರೂ ಎಲ್ಲೆಲ್ಲೋ ಐತಿ ಅಂತ ತಿಳಕೊಂಡೇ ಮುಂದಿನ ಮಾತು ಆಡಬೇಕು. ಆಧಾರ್ ನಂಬರ್ ಅನ್ನೋದು ಮನಿ ನಂಬರ್ ಇದ್ದಂಗ್ರಿ, ಬೀಗದ ಕೈ ಅಲ್ಲ. ಮನಿ ನಂಬರ್ ಮುಚ್ಚಿಡೋದಕ್ಕಿಂತ ಬಾಗಿಲಿಗೆ ಬೀಗ ಹಾಕೋದು ಮುಖ್ಯ.

ಯಾಕ ಹೇಳ್ತೀನಿ ಅಂದ್ರ, ನಮ್ಮ ಸೋದರಮಾವನ ಖಾತೆದಾಗಿಂದ ₹10,000 ಹೋತು. ಒಟಿಪಿ ಬರಲಿಲ್ಲ, ಕಾರ್ಡ್ ಅವರ ಕೈಯಾಗ ಇತ್ತು, ಯಾರೂ ಫೋನ್ ಮಾಡಿದ್ದಿಲ್ಲ. ಎಇಪಿಎಸ್ ಅಂತ ಐತಲ್ರಿ, ಊರಾಗ ಬ್ಯಾಂಕ್ ಮಿತ್ರ ಹತ್ರ ಹೆಬ್ಬಟ್ಟು ಒತ್ತಿ ರೊಕ್ಕ ತಗೀತಾರಲ್ಲ, ಅದು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು, ಮೂರೇ ಸಾಕು. 2023ರಾಗ ಬೆಂಗಳೂರಿನ್ಯಾಗ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹಿಂಗ ರೊಕ್ಕ ಹೋಗಿ ದೂರು ಬಂದಿದ್ವು, ಪೇಪರಿನ್ಯಾಗ ಓದೀರಬೇಕು. ನೋಂದಣಿ ಕಾಗದದಾಗ ಆಧಾರ್ ನಂಬರೂ ಇರತೈತಿ, ಹೆಬ್ಬಟ್ಟಿನ ಗುರುತೂ ಇರತೈತಿ. ಅದರ ಪ್ರತಿ ಸಿಕ್ಕವರು ಸಿಲಿಕೋನ್‌ದಾಗ ಬೆರಳು ಮಾಡಿ ಒತ್ತತಾರ.

ಇದಕ್ಕ ಬೀಗ ಅಂದ್ರ ಬಯೋಮೆಟ್ರಿಕ್ ಲಾಕ್. ಯುಐಡಿಎಐ ಆ್ಯಪ್‌ನ್ಯಾಗ ಇಲ್ಲಾ ಮೈಆಧಾರ್ ತಾಣದಾಗ ಹಾಕಬಹುದು. ಬೆರಳು, ಕಣ್ಣು, ಮುಖ ಮೂರೂ ಬಂದ್ ಆಗತಾವು. ಬೇಕಾದಾಗ ಸ್ವಲ್ಪ ಹೊತ್ತು ತಗದು ಮತ್ತ ತಾನ ಮುಚ್ಚಿಕೊಳ್ಳೂ ವ್ಯವಸ್ಥಾ ಐತಿ. ಒಟಿಪಿ ಮ್ಯಾಲ ನಡಿಯೂ ಕೆಲಸಕ್ಕ ಏನೂ ಅಡ್ಡಿ ಇಲ್ಲ.

ಝೆರಾಕ್ಸ್_ಬೇಡ

ನಿಮ್ಮ ಮಾತು ಒಪ್ಪುತ್ತೇನೆ. ಆದರೂ ಇನ್ನು ಮುಂದೆ ಕೊಡುವ ಪ್ರತಿಯನ್ನಾದರೂ ಹಿಡಿತದಲ್ಲಿ ಇಟ್ಟುಕೊಳ್ಳೋಣ. ನಾನು ಝೆರಾಕ್ಸ್ ಮೇಲೆ ಅಡ್ಡಲಾಗಿ, ಅಕ್ಷರದ ಮೇಲೇ ಬರುವ ಹಾಗೆ, "ಇಂಥ ಕೆಲಸಕ್ಕೆ ಮಾತ್ರ", ಕೊಟ್ಟವರ ಹೆಸರು, ತಾರೀಖು ಬರೆದು ಸಹಿ ಹಾಕುತ್ತೇನೆ. ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಮತ್ತೆ ಝೆರಾಕ್ಸ್ ಮಾಡಬಹುದು, ಅದಕ್ಕೆ ಫೋಟೋ ಮತ್ತು ನಂಬರ್ ಹತ್ತಿರವೇ ಬರೆಯಬೇಕು.

ಹೊಳೆಸಾಲು

ಬಯೋಮೆಟ್ರಿಕ್ ಲಾಕ್ ಬಗ್ಗೆ ಒಂದು ಪ್ರಶ್ನೆ. ನಮ್ಮ ಅಮ್ಮ ಹಳ್ಳಿಯಲ್ಲಿ ಒಬ್ಬರೇ ಇರುತ್ತಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು, ಪಿಂಚಣಿ ಹಣಕ್ಕೂ ಹೆಬ್ಬೆಟ್ಟು. ಸ್ಮಾರ್ಟ್‌ಫೋನ್ ಇಲ್ಲ. ಅವರ ಆಧಾರ್ ಲಾಕ್ ಮಾಡಿದರೆ ಅಕ್ಕಿಯೂ ಸಿಗುವುದಿಲ್ಲ, ದುಡ್ಡೂ ಸಿಗುವುದಿಲ್ಲ. ಅಂಥವರಿಗೆ ಏನು ದಾರಿ? ಈ ಸಲಹೆಗಳೆಲ್ಲ ಫೋನ್ ಬಳಸಬಲ್ಲವರಿಗೆ ಮಾತ್ರ ಅನ್ನಿಸುತ್ತದೆ.

ಮಲಪ್ರಭಾ

ಸರಿಯಾದ ಪ್ರಶ್ನೆ ಕೇಳಿದ್ರಿ. ಅಮ್ಮಗ ಲಾಕ್ ಮಾಡಬ್ಯಾಡ್ರಿ. ನಾವು ನಮ್ಮ ಅತ್ತಿಯವರಿಗೆ ಎರಡು ಖಾತೆ ಮಾಡಿವಿ. ಪಿಂಚಣಿ ಬರೂ ಖಾತೆ ಒಂದು, ಅದರಾಗ ತಿಂಗಳ ಖರ್ಚಿನಷ್ಟ ಇರತೈತಿ. ಉಳಿತಾಯದ ರೊಕ್ಕ ಆಧಾರ್ ಜೋಡಿಸಲಾರದ ಇನ್ನೊಂದು ಖಾತೆದಾಗ. ಜೋಡಿಸಿದ್ದ ಇದ್ರ ಎಇಪಿಎಸ್ ಬಂದ್ ಮಾಡ್ರಿ ಅಂತ ಶಾಖೆಗೆ ಹೋಗಿ ಅರ್ಜಿ ಬರದು ಕೇಳ್ರಿ. ಹೆಬ್ಬಟ್ಟು ಹೋದ್ರೂ ಹೋಗೂದು ಸ್ವಲ್ಪ.

ನಿವೃತ್ತ_ಬ್ಯಾಂಕಿಗ

ತುಂಬ ಒಳ್ಳೆಯ ಉಪಾಯ. ಇದಕ್ಕೆ ಒಂದು ಸೇರಿಸುತ್ತೇನೆ: ಆ ಎರಡೂ ಖಾತೆಗೆ ಮಗನ ಅಥವಾ ಮಗಳ ನಂಬರ್ ಅಲ್ಲ, ಅಮ್ಮನ ಕೈಯಲ್ಲಿರುವ ಸಾದಾ ಫೋನಿನ ನಂಬರೇ ಇರಲಿ, ಎಸ್‌ಎಂಎಸ್ ಬಂದ ದಿನವೇ ಅಕ್ಕಪಕ್ಕದವರಾದರೂ ಓದಿ ಹೇಳುತ್ತಾರೆ. ಅಷ್ಟು ಅವಸರ ಯಾಕೆಂದರೆ, ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ ಅಂತ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಒಂದು ಮಿತಿಯವರೆಗೆ ನಮ್ಮ ಮೇಲೆ ಬರುತ್ತದೆ. ಅದನ್ನೂ ದಾಟಿದರೆ ಆಯಾ ಬ್ಯಾಂಕಿನ ಧೋರಣೆಗೆ ಬಿಟ್ಟದ್ದು. ಮಲಪ್ರಭಾ ಅವರೇ, ನಿಮ್ಮ ಮಾವನವರ ಹಣ ಬಂತೇ?

ಮಲಪ್ರಭಾ

ಬಂತ್ರಿ. ಮರುದಿನನ ಶಾಖೆಗೆ ಹೋಗಿ ಬರದು ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡಿದ್ವಿ. ಆ ಸೀಲ್ ಇಲ್ಲದಿದ್ರ ಬರ್ತಿದ್ದಿಲ್ಲ.

ಸಿಗ್ನಲ್_ಇಲ್ಲ

ಸಿಮ್ ಬಗ್ಗೆ ಯಾರೂ ಬರೆದಿಲ್ಲ, ನನಗೆ ಅದೇ ದೊಡ್ಡ ಬಾಗಿಲು ಅನ್ನಿಸುತ್ತದೆ. ಒಟಿಪಿ ಬರುವುದೆಲ್ಲ ಅಲ್ಲಿಗೇ. ತುಂಗಾತೀರ ಅವರೇ, ನಿಮ್ಮ ವರದಿಯಲ್ಲಿರುವ ಅಪರಿಚಿತ ಮೊಬೈಲ್ ನಂಬರ್ ನಿಮ್ಮ ಹೆಸರಿನಲ್ಲೇ ತೆಗೆದ ಸಿಮ್ ಆಗಿರಬಹುದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ, ನಿಮ್ಮ ಹೆಸರಿನಲ್ಲಿರುವ ಎಲ್ಲ ಮೊಬೈಲ್ ಸಂಪರ್ಕಗಳ ಪಟ್ಟಿ ಬರುತ್ತದೆ. ನಿಮ್ಮದಲ್ಲದ್ದನ್ನು ಅಲ್ಲೇ ಗುರುತು ಮಾಡಿ ವರದಿ ಮಾಡಬಹುದು. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇರಬಹುದಾದ್ದರಿಂದ ಒಂದು ಹೆಚ್ಚಾದರೆ ನಮಗೆ ತಿಳಿಯುವುದೇ ಇಲ್ಲ.

ಇನ್ನೊಂದು, ಫೋನಿನಲ್ಲಿ ಸಿಮ್ ಪಿನ್ ಹಾಕಿ. ಫೋನ್ ಕದ್ದವನಿಗೆ ನಿಮ್ಮ ಸ್ಕ್ರೀನ್ ಲಾಕ್ ತೆಗೆಯಬೇಕಾಗಿಯೇ ಇಲ್ಲ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನ ಕೈಗೆ. ಸಿಮ್ ಪಿನ್ ಇದ್ದರೆ ಮೂರು ಸಲ ತಪ್ಪಿದ ಮೇಲೆ ಪಿಯುಕೆ (ಸಿಮ್ ಕಂಪನಿ ಕೊಡುವ ಬೀಗ ತೆಗೆಯುವ ಸಂಖ್ಯೆ) ಇಲ್ಲದೆ ತೆರೆಯುವುದಿಲ್ಲ. ಆ ಪಿಯುಕೆ ಸಂಖ್ಯೆಯನ್ನು ನೀವು ಮೊದಲೇ ಬರೆದಿಟ್ಟುಕೊಳ್ಳಿ. ಇದ್ದಕ್ಕಿದ್ದ ಹಾಗೆ ಸಿಗ್ನಲ್ ಹೋಗಿ, ಪಕ್ಕದವರಿಗೆ ಅದೇ ಕಂಪನಿಯ ಸಿಗ್ನಲ್ ಇದ್ದರೆ, ನೆಟ್‌ವರ್ಕ್ ತೊಂದರೆ ಅಂತ ಸುಮ್ಮನಿರಬೇಡಿ. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ಕರೆ ಮಾಡಿ.

ಸಿಎ_ಓದುತ್ತಿರುವೆ

ಪ್ಯಾನ್ ವಿಷಯದಲ್ಲಿ ಸಿಬಿಲ್ ನೋಡಿದರೆ ಮಾತ್ರ ಸಾಲದು. ನಾನು ತರಬೇತಿಗೆ ಹೋಗುವ ಕಚೇರಿಗೆ ಒಬ್ಬ ಕಾಲೇಜು ಹುಡುಗ ಆದಾಯ ತೆರಿಗೆ ನೋಟಿಸ್ ಹಿಡಿದು ಬಂದಿದ್ದ. ಅವನ ಪ್ಯಾನ್ ಮೇಲೆ ಯಾರೋ ಜಿಎಸ್‌ಟಿ ನೋಂದಣಿ ಮಾಡಿಸಿ ವ್ಯವಹಾರ ತೋರಿಸಿದ್ದರು. ಅವನ ತಂದೆಗೆ ಆ ಕಾಗದ ಓದಿ ಕೈಕಾಲೇ ಬಿದ್ದುಹೋಗಿತ್ತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಹಾಕಿ ಹುಡುಕಬಹುದು, ಅದರ ಮೇಲೆ ಯಾವುದಾದರೂ ನೋಂದಣಿ ಇದ್ದರೆ ಕಾಣುತ್ತದೆ. ಆದಾಯ ತೆರಿಗೆ ತಾಣದ ಎಐಎಸ್‌ನಲ್ಲಿ (ನಮ್ಮ ಪ್ಯಾನ್ ಮೇಲಿನ ವರ್ಷದ ವಹಿವಾಟುಗಳ ಪಟ್ಟಿ) ನಿಮಗೆ ಗೊತ್ತಿಲ್ಲದ ಬಡ್ಡಿ, ಸಂಬಳ, ವಹಿವಾಟು ಕಂಡರೆ ಅಲ್ಲೇ "ಇದು ನನಗೆ ಸಂಬಂಧಿಸಿದ್ದಲ್ಲ" ಅಂತ ಪ್ರತಿಕ್ರಿಯೆ ಹಾಕಿ. ರಿಟರ್ನ್ ಸಲ್ಲಿಸುವಷ್ಟು ಆದಾಯ ಇಲ್ಲದವರು ಆ ತಾಣಕ್ಕೆ ಹೋಗುವುದೇ ಇಲ್ಲ, ಮೋಸಗಾರರಿಗೆ ಅಂಥವರ ಪ್ಯಾನೇ ಅನುಕೂಲ. ಮನೆಯಲ್ಲಿರುವ ವಿದ್ಯಾರ್ಥಿಗಳದ್ದು, ಗೃಹಿಣಿಯರದ್ದು, ವಯಸ್ಸಾದವರದ್ದು ದಯವಿಟ್ಟು ನೋಡಿ.

ತುಂಗಾತೀರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಡೆದದ್ದನ್ನು ಹೇಳಿದರೆ ಇನ್ನೊಬ್ಬರಿಗೆ ಉಪಯೋಗ ಆದೀತು.

ಸಂಚಾರ್ ಸಾಥಿಯಲ್ಲಿ ನನ್ನ ಹೆಸರಿನ ಮೇಲೆ ನನಗೆ ಗೊತ್ತಿಲ್ಲದ ಒಂದು ನಂಬರ್ ಇತ್ತು. ಕೊನೆಯ ಅಂಕಿಗಳು ಸಿಬಿಲ್ ವರದಿಯಲ್ಲಿರುವ ನಂಬರಿಗೇ ಹೊಂದುತ್ತವೆ. ಅಲ್ಲೇ ವರದಿ ಮಾಡಿದೆ, ಆ ಪುಟದ ಪ್ರಿಂಟ್ ತೆಗೆದು ಸೆನ್ ಠಾಣೆಗೆ ದೂರಿನ ಜೊತೆ ಕೊಟ್ಟೆ. ವ್ಯಾಪ್ತಿಯ ಮಾತು ಬರಲಿಲ್ಲ, ದಾಖಲಿಸಿಕೊಂಡರು.

ಸಾಲದ ಕಂಪನಿಯವರು ಮೊದಲ ಎರಡು ಮೇಲ್‌ಗೆ ಸಿದ್ಧ ಉತ್ತರ ಕಳಿಸಿದರು. ಬ್ಯಾಂಕಿಗ ಸರ್ ಹೇಳಿದ ಹಾಗೆ ಖಾತೆಯ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದ ಮೇಲೆ ಕುಂದುಕೊರತೆ ಅಧಿಕಾರಿಯಿಂದ ಉತ್ತರ ಬಂತು. ಹಣ ಹೋಗಿರುವುದು ನಾನು ಎಂದೂ ಕಾಲಿಡದ ಬ್ಯಾಂಕಿನ ಖಾತೆಗೆ. ಕೆವೈಸಿಯ ಸೆಲ್ಫಿಯಲ್ಲಿರುವ ಹೆಂಗಸು ನಾನಲ್ಲ, ಅದು ಯಾರು ನೋಡಿದರೂ ಗೊತ್ತಾಗುವಂತಿದೆ. ಸಾಲ ಕೊಡುವಾಗ ಆ ಫೋಟೋವನ್ನು ಒಬ್ಬ ಮನುಷ್ಯ ಕಣ್ಣೆತ್ತಿ ನೋಡಿದ್ದರೆ ನನಗೆ ಈ ಪಾಡು ಬರುತ್ತಿರಲಿಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಂತರಿಕ ತನಿಖೆ ಮಾಡುತ್ತೇವೆ ಅಂತ ಬರೆದಿದ್ದಾರೆ. ಸಿಬಿಲ್‌ನಲ್ಲಿ ಆ ಸಾಲದ ಪಕ್ಕ "ಡಿಸ್ಪ್ಯೂಟ್‌ನಲ್ಲಿದೆ" ಅಂತ ಬಂದಿದೆ. ಮನೆ ಸಾಲದ ಫೈಲನ್ನು ಬ್ಯಾಂಕಿನವರು ತಿರಸ್ಕರಿಸದೆ ಇಟ್ಟುಕೊಂಡಿದ್ದಾರೆ.

ಕರಿಕೋಟು

ಚೆನ್ನಾಗಿ ನಡೆಸಿದ್ದೀರಿ. ಆ ಸೆಲ್ಫಿ, ಆ ಖಾತೆಯ ವಿವರ ಇರುವ ಮೇಲ್ ಎರಡನ್ನೂ ತನಿಖಾಧಿಕಾರಿಗೆ ಹೆಚ್ಚುವರಿ ಹೇಳಿಕೆಯಾಗಿ ಕೊಡಿ. ಖಾತೆ ಯಾರ ಹೆಸರಿನಲ್ಲಿದೆ ಅಂತ ಆ ಬ್ಯಾಂಕು ನಿಮಗೆ ಹೇಳುವುದಿಲ್ಲ, ಪೊಲೀಸರು ನೋಟಿಸ್ ಕೊಟ್ಟರೆ ಹೇಳಲೇಬೇಕು. ಖಾತೆದಾರರೂ ಇನ್ನೊಬ್ಬ ಬಲಿಪಶು ಆಗಿರಬಹುದು, ಅದನ್ನೂ ಮನಸ್ಸಿನಲ್ಲಿಡಿ. ನೀವಾಗಿ ಹುಡುಕಿಕೊಂಡು ಹೋಗಬೇಡಿ.

ಹೊಳೆಸಾಲು

ಓದಿ ಸಮಾಧಾನ ಆಯ್ತು ಅಕ್ಕಾ. ಸಿಬಿಲ್ ವರದಿ ನಾವೇ ಪದೇ ಪದೇ ತೆಗೆದು ನೋಡಿದರೆ ಸ್ಕೋರ್ ಇಳಿಯುತ್ತದೆ ಅನ್ನುತ್ತಾರಲ್ಲ, ನಿಜವಾ?

ನಿವೃತ್ತ_ಬ್ಯಾಂಕಿಗ

ಇಲ್ಲ. ಸಾಲ ಕೊಡುವವರು ನೋಡಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ನಮ್ಮದನ್ನು ನಾವು ನೋಡಿದರೆ ಏನೂ ಆಗದು. ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕು. ಅಂಥವು ದೇಶದಲ್ಲಿ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾನು ಮೂರು ತಿಂಗಳಿಗೆ ಒಂದರಂತೆ ಸರದಿ ಮೇಲೆ ತೆಗೆದು ನೋಡುತ್ತೇನೆ, ವರ್ಷವಿಡೀ ಕಾವಲು ಇದ್ದಂತೆ ಆಗುತ್ತದೆ. ನಿಮ್ಮ ವರದಿಯನ್ನು ಯಾರಾದರೂ ನೋಡಿದಾಗ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು ಅನ್ನುವ ನಿಯಮವೂ ಇದೆ. ಅವರ ಬಳಿ ಇರುವ ನಂಬರ್ ನಿಮ್ಮದೇ ಆಗಿದ್ದರೆ ಮಾತ್ರ ಅದು ನಿಮಗೆ ತಲುಪುತ್ತದೆ.

ತುಂಗಾತೀರ ತಾಯಿ, ಇದು ನಿಮಗೂ ಸೇರಿದ್ದು. ಸಿಬಿಲ್‌ನಲ್ಲಿ ಹಾಕಿದ ಡಿಸ್ಪ್ಯೂಟ್ ಉಳಿದ ಮೂರಕ್ಕೆ ತಾನಾಗಿ ಹೋಗುವುದಿಲ್ಲ. ಆ ಸಾಲ ಅಲ್ಲೂ ಇದೆಯೇ ನೋಡಿ, ಇದ್ದರೆ ಅಲ್ಲೂ ಬೇರೆ ಬೇರೆ ಹಾಕಿ. ವರದಿಯ ಮೇಲ್ಭಾಗದಲ್ಲಿ ಸೇರಿಕೊಂಡಿರುವ ಆ ಅಪರಿಚಿತ ಮೊಬೈಲ್ ನಂಬರ್ ಮತ್ತು ವಿಳಾಸವನ್ನೂ ತೆಗೆಸಲು ಕೇಳಿ.

ತುಂಗಾತೀರ

ಅದು ಗೊತ್ತಿರಲಿಲ್ಲ ಸರ್. ಈಗಲೇ ಉಳಿದ ಮೂರನ್ನೂ ತರಿಸುತ್ತಿದ್ದೇನೆ. ಎಕ್ಸ್‌ಪೀರಿಯನ್ ವರದಿ ಬಂತು, ಅದರಲ್ಲೂ ಆ ಸಾಲ ಇದೆ. ಡಿಸ್ಪ್ಯೂಟ್ ಅರ್ಜಿ ತುಂಬುತ್ತಿದ್ದೇನೆ.